ಕಡಲನೀರಿನ ಪ್ರವಾಹಮಾಪನ: ಲೋಹದ ಆಯ್ಕೆಯ ಇತಿಹಾಸ

ಆಳಂದದ ಅಮರ್ಜಾ ನದಿಯ ಸಿಹಿನೀರನ್ನು ಅಳೆಯುವ ಮಾಪಕವು ಅರಬ್ಬೀ ಸಮುದ್ರದ ನೀರನ್ನೂ ಅಳೆಯಬಲ್ಲುದೆ? ತತ್ತ್ವವು ಒಂದೇ ಆದರೂ ಲೋಹವು ಬೇರೆಯಾಗಬೇಕಾಗುತ್ತದೆ. ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದೇ ಇದಕ್ಕೆ ಕಾರಣ. ಈ ತಿಳಿವು ಬೆಳೆದು ಬಂದ ಬಗೆಯನ್ನು ಸ್ಥೂಲವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

1824ರಲ್ಲಿ ಹಂಫ್ರಿ ಡೇವಿಯು ಬ್ರಿಟಿಷ್ ನೌಕೆಗಳ ತಾಮ್ರದ ಹೊದಿಕೆಗೆ ಸತು, ಕಬ್ಬಿಣಗಳ ತುಂಡುಗಳನ್ನು ಜೋಡಿಸಿ ಅದರ ಸವೆತವನ್ನು ತಡೆದನು. ತಾಮ್ರವೇನೋ ಉಳಿಯಿತು, ಆದರೆ ತಾಮ್ರವು ಕರಗುವುದು ನಿಂತೊಡನೆ ಕಡಲಜೀವಿಗಳು ಹಡಗಿನ ಅಡಿಗೆ ಅಂಟಿ ಬೆಳೆದವು. ಅವನ ಶಿಷ್ಯನಾದ ಮೈಕೇಲ್ ಫ್ಯಾರಡೆಯು 1832ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ಲೋಹಫಲಕಗಳನ್ನು ಇಳಿಬಿಟ್ಟು, ಭೂಕಾಂತತ್ವದಲ್ಲಿ ಹರಿಯುವ ನೀರಿನಿಂದ ವಿದ್ಯುತ್ತನ್ನು ಪಡೆಯಲೆತ್ನಿಸಿದನು. ಫಲಕಗಳಲ್ಲಿಯೇ ಹುಟ್ಟುವ ವಿದ್ಯುತ್ತು ನೀರಿನದನ್ನು ಮರೆಮಾಡಿದುದರಿಂದ ಪ್ರಯೋಗವು ಕೈಗೂಡಲಿಲ್ಲ. 1887ರಲ್ಲಿ ಕ್ಲೆಮೆನ್ಸ್ ಹರ್ಷೆಲ್ ವೆಂಚುರಿ ಕೊಳವೆಯಲ್ಲಿ ಒತ್ತಡದ ವ್ಯತ್ಯಾಸದಿಂದ ಪ್ರವಾಹವನ್ನಳೆದನು. ಫ್ಯಾರಡೆಯ ತತ್ತ್ವವಾದರೋ ಕಾರಖಾನೆಗಳಲ್ಲಿ ಬಳಕೆಗೆ ಬಂದುದು 1950ರ ದಶಕದಿಂದೀಚೆಗೆ.

ಈ ವಿದ್ಯುತ್ಕಾಂತ ಮಾಪಕದಲ್ಲಿ ಚಲಿಸುವ ಭಾಗವಿಲ್ಲ. ಪ್ರವಾಹಕ್ಕೆ ಅಡ್ಡಿಯೂ ಇಲ್ಲ. ಕೊಳವೆಯ ಒಳಮೈಗೆ ರಬ್ಬರಿನ ಲೇಪವಿರುವುದರಿಂದ ನೀರನ್ನು ಮುಟ್ಟುವ ಲೋಹವೆಂದರೆ ವಿದ್ಯುದ್ವಾರಗಳೇ. ವಿಚಿತ್ರವೆಂದರೆ, ನೀರನ್ನು ಉತ್ತಮ ವಾಹಕವನ್ನಾಗಿಸಿ ಮಾಪನಕ್ಕೆ ನೆರವಾಗುವ ಲವಣವೇ ಆ ಲೋಹವನ್ನು ಕೊರೆಯುತ್ತದೆ. 316 ಎಂಬ ಜಾತಿಯ ತುಕ್ಕುರಹಿತ ಉಕ್ಕಿನಲ್ಲಿ ಮಾಲಿಬ್ಡಿನಮ್ ಇದ್ದರೂ, ಕ್ಲೋರೈಡು ಅದರ ರಕ್ಷಕಪೊರೆಯನ್ನು ಭೇದಿಸಿ ಸಂದುಗಳಲ್ಲಿ ಕುಳಿಗಳನ್ನುಂಟುಮಾಡುತ್ತದೆ. ಟೈಟೇನಿಯಮ್ಮಿನ ಆಕ್ಸೈಡು ಪೊರೆಯು ಅದನ್ನು ತಡೆದುಕೊಳ್ಳುತ್ತದೆ. ಆದುದರಿಂದ ಕಡಲನೀರಿಗೆ ಟೈಟೇನಿಯಮ್ಮನ್ನಾಗಲಿ, ಪ್ಲಾಟಿನಮ್ ಮಿಶ್ರಲೋಹವನ್ನಾಗಲಿ ಆರಿಸುವುದು ವಾಡಿಕೆ.

ಇದು ಕರ್ನಾಟಕಕ್ಕೆ ದೂರದ ವಿಷಯವಲ್ಲ. ಮಂಗಳೂರಿನ ಎಂ.ಆರ್.ಪಿ.ಎಲ್. ತೈಲಶುದ್ಧೀಕರಣ ಸಂಸ್ಥೆಯು ಸಿಹಿನೀರಿನ ಅವಲಂಬನೆಯನ್ನು ತಗ್ಗಿಸಲೆಂದು ನಿರ್ಮಿಸಿದ, ದಿನಕ್ಕೆ 3 ಕೋಟಿ ಲೀಟರು ಸಾಮರ್ಥ್ಯದ ನಿರ್ಲವಣೀಕರಣ ಸ್ಥಾವರವು 2022ರ ಸೆಪ್ಟೆಂಬರ್ 2ರಂದು ಉದ್ಘಾಟನೆಗೊಂಡಿತು. ಇಂತಹ ಸ್ಥಾವರಗಳಲ್ಲಿ ಒಳಬರುವ ನೀರು, ಹೊರಹೋಗುವ ಉಪ್ಪುನೀರು ಎರಡನ್ನೂ ಅಳೆಯಬೇಕು. ನೂರು ಪಾಲಿನಲ್ಲಿ ನಲವತ್ತು ಪಾಲು ಸಿಹಿನೀರಾದರೆ, ಉಳಿದ ಅರುವತ್ತು ಪಾಲಿನಲ್ಲಿ ಲವಣಾಂಶವು ಒಂದೂಮುಕ್ಕಾಲು ಪಟ್ಟಿನ ಸಮೀಪಕ್ಕೆ ಏರುತ್ತದೆ. ಒಳದಾರಿಯ ಲೋಹವು ಹೊರದಾರಿಗೂ ಸಲ್ಲುವುದೆಂದು ಪರೀಕ್ಷಿಸದೆ ನಂಬಲಾಗದು.

ಮಾಪಕವು ಸುಳ್ಳು ನುಡಿದರೆ ಉಳಿಸಿದ ನದೀಜಲದ ಲೆಕ್ಕವೂ ಸುಳ್ಳಾಗುವುದು. ಲೋಹವು ಉಳಿದ ಮಾತ್ರಕ್ಕೆ ಕಾರ್ಯವು ಸಿದ್ಧಿಸದೆಂದು ಡೇವಿಯ ಅನುಭವವೂ, ಲೋಹವೇ ಮಾಪನವನ್ನು ಕೆಡಿಸಬಲ್ಲುದೆಂದು ಫ್ಯಾರಡೆಯ ಅನುಭವವೂ ತಿಳಿಸುತ್ತವೆ. ಇವೆರಡನ್ನೂ ಒಟ್ಟಿಗೆ ನೆನೆದು ಆಯ್ಕೆ ಮಾಡುವುದೇ ವಿವೇಕ.