ಜ್ವರ ಹೋಯಿತು, ನೋವು ಉಳಿಯಿತು: 2006ರ ಚಿಕುನ್‌ಗುನ್ಯಾ

2006ರ ವರ್ಷ ನೆನಪಿದೆಯೇ? ನಾವಾಗ ಹೈಸ್ಕೂಲಿನಲ್ಲಿದ್ದೆವು. ಒಂದೊಂದು ಮನೆಯಲ್ಲೂ ಮೂರು-ನಾಲ್ಕು ಜನ ಹಾಸಿಗೆ ಹಿಡಿದಿದ್ದರು. ರೋಗದ ಹೆಸರು 'ಚಿಕನ್ ಗುನ್ಯಾ' ಎಂದು ಕಿವಿಗೆ ಬಿದ್ದು, ನಮ್ಮೂರಿನ ಎಷ್ಟೋ ಮಂದಿ ಕೋಳಿ ಸಾರನ್ನೇ ಬಿಟ್ಟರು.

ಈ ರೋಗಕ್ಕೂ ಕೋಳಿಗೂ ಸಂಬಂಧವಿಲ್ಲ. 1952-53ರಲ್ಲಿ ಆಫ್ರಿಕಾದ ಈಗಿನ ತಾಂಜಾನಿಯಾದಲ್ಲಿ ಇದನ್ನು ಮೊದಲು ಗುರುತಿಸಿದರು. ಅಲ್ಲಿನ ಮಾಕೊಂಡೆ ಜನರ ಮಾತಿನಲ್ಲಿ ಚಿಕುನ್‌ಗುನ್ಯಾ ಎಂದರೆ 'ಬಾಗಿಸುವಂಥದ್ದು'. ಕೀಲು ನೋವಿಗೆ ಸೊಂಟ ಬಗ್ಗಿಸಿ ನಡೆಯುವವರನ್ನು ಕಂಡು ಇಟ್ಟ ಹೆಸರು.

ಭಾರತದಲ್ಲಿ ಇದು 1963ರಲ್ಲಿ ಕಲ್ಕತ್ತಾದಲ್ಲಿ, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಹಬ್ಬಿತ್ತು. ಆಮೇಲೆ ಮೂವತ್ತು ವರ್ಷ ದೊಡ್ಡದಾಗಿ ಕಾಣಿಸಲಿಲ್ಲ. ಹಾಗಾಗಿ 2005ರ ಕೊನೆಗೆ ಮರಳಿ ಬಂದಾಗ ಹೆಚ್ಚಿನವರ ಮೈಯಲ್ಲಿ ಅದನ್ನು ತಡೆಯುವ ಶಕ್ತಿ ಇರಲಿಲ್ಲ. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ನಮ್ಮ ತೊಟ್ಟಿ, ಡ್ರಮ್ಮು, ಹಳೇ ಟೈರುಗಳೇ ಮನೆಯಾದವು. 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ಪ್ರಕರಣ ಸುಮಾರು 14 ಲಕ್ಷ. ಅದರಲ್ಲಿ 7 ಲಕ್ಷಕ್ಕೂ ಹೆಚ್ಚು ಕರ್ನಾಟಕದ್ದೇ.

ಆದರೆ ಅದು ಜ್ವರದ ಲೆಕ್ಕ. ಜ್ವರ ಒಂದು ವಾರದಲ್ಲಿ ಇಳಿಯಿತು, ನೋವು ಇಳಿಯಲಿಲ್ಲ. ನಮ್ಮ ಅಜ್ಜಿಗೆ ಬೆಳಗ್ಗೆ ಎದ್ದರೆ ಮುಷ್ಟಿ ಮುಚ್ಚಲು ಆಗುತ್ತಿರಲಿಲ್ಲ. ರೊಟ್ಟಿ ತಟ್ಟುವುದು, ಕಳೆ ಕೀಳುವುದು ಎಲ್ಲ ನಿಂತಿತು. 'ಜ್ವರ ಹೋಗಿ ಎಷ್ಟು ದಿನ ಆಯ್ತು, ಇನ್ನೂ ನೆಪ ಹೇಳ್ತಾಳೆ' ಎಂದು ಮನೆಯವರೇ ಆಡಿಕೊಂಡರು. ನಾವೂ ನಕ್ಕಿದ್ದೆವು. ಕೂಲಿ ತಪ್ಪಿದ ಅಂಥವರ ದಿನಗಳು ಯಾವ ಪಟ್ಟಿಗೂ ಸೇರಲಿಲ್ಲ.

ಅದು ನೆಪವಲ್ಲ. ವೈರಸ್ ವಿರುದ್ಧ ಹೋರಾಡಲು ಎದ್ದ ದೇಹದ ರಕ್ಷಣಾ ವ್ಯವಸ್ಥೆ ಜ್ವರ ಬಿಟ್ಟ ಮೇಲೂ ತಣ್ಣಗಾಗದೆ ಕೀಲುಗಳಲ್ಲಿ ಉರಿಯೂತ ಉಳಿಸುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ತಿಂಗಳು, ವರ್ಷಗಳೇ ಹಿಡಿಯುತ್ತವೆ. ವಯಸ್ಸಾದವರಿಗೆ, ಮೊದಲೇ ಕೀಲು ತೊಂದರೆ ಇದ್ದವರಿಗೆ ಹೆಚ್ಚು ಕಾಟ.

ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಂದಿಗೂ ಇಲ್ಲ. ಜ್ವರವಿರುವಾಗ ವಿಶ್ರಾಂತಿ, ಸಾಕಷ್ಟು ನೀರು, ಪ್ಯಾರಾಸಿಟಮಾಲ್. ಡೆಂಗ್ಯೂ ಅಲ್ಲವೆಂದು ಖಚಿತವಾಗುವವರೆಗೆ ಬೇರೆ ನೋವಿನ ಮಾತ್ರೆ ಬೇಡ, ರಕ್ತಸ್ರಾವದ ಅಪಾಯವಿದೆ. ನೋವು ಉಳಿದರೆ ವೈದ್ಯರ ಸಲಹೆಯಂತೆ ಮಾತ್ರೆ, ಜೊತೆಗೆ ಕೀಲಿಗೆ ಹಗುರ ವ್ಯಾಯಾಮ. ಮೂರು ತಿಂಗಳು ದಾಟಿಯೂ ಊತ ಇದ್ದರೆ ಕೀಲುವಾತದ ತಜ್ಞರಿಗೆ ತೋರಿಸಿ, ಸಂಧಿವಾತಕ್ಕೆ ಕೊಡುವ ಔಷಧಿ ಕೆಲವರಿಗೆ ಬೇಕಾಗುತ್ತದೆ. ಕೇಳಿದಾಗಲೆಲ್ಲ ಸ್ಟೀರಾಯ್ಡ್ ಸೂಜಿ ಚುಚ್ಚಿಸಿಕೊಂಡರೆ ಸಕ್ಕರೆ ಕಾಯಿಲೆ ಏರಬಹುದು, ಮೂಳೆ ಸವೆಯಬಹುದು.

ಮಾಕೊಂಡೆ ಜನ ರೋಗಕ್ಕೆ ಹೆಸರಿಟ್ಟಿದ್ದು ಜ್ವರ ನೋಡಿ ಅಲ್ಲ, ಬಾಗಿದ ಬೆನ್ನು ನೋಡಿ. ನಿಮ್ಮ ಮನೆಯಲ್ಲೂ ಯಾರಾದರೂ ಜ್ವರ ಬಿಟ್ಟ ಮೇಲೆ ನೋವೆಂದರೆ, ನಾವು ನಕ್ಕಂತೆ ನಗಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.