ಬಿಲ್ಲು ಮುದ್ರಣ ತಂತ್ರಾಂಶಕ್ಕೆ ಪ್ರಿಂಟರ್ ಹೊಂದಿಕೆಯಾಗುವುದೇ? – ವರ್ತಕರು ಪರಿಶೀಲಿಸಬೇಕಾದ ಅಂಶಗಳು

ಸರಕು ಮತ್ತು ಸೇವಾ ತೆರಿಗೆಯಡಿ ಹೊಸದಾಗಿ ನೋಂದಣಿ ಪಡೆಯುವ ಹಾಗೂ ಈಗಾಗಲೇ ನೋಂದಣಿ ಹೊಂದಿರುವ ವರ್ತಕರು ಗಣಕಯಂತ್ರದ ಮೂಲಕ ಬಿಲ್ಲು ಮುದ್ರಿಸುವಾಗ ಗಮನಿಸಬೇಕಾದ ಅಂಶಗಳನ್ನು ಅವರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ. ತಂತ್ರಾಂಶವು ಸರಿಯಾಗಿದ್ದು, ಪ್ರಿಂಟರ್ ಸಹ ಸುಸ್ಥಿತಿಯಲ್ಲಿದ್ದು, ಅವೆರಡೂ ಪರಸ್ಪರ ಹೊಂದಿಕೆಯಾಗದ ಕಾರಣದಿಂದಲೇ ಬಿಲ್ಲು ದೋಷಪೂರಿತವಾಗುವುದುಂಟು. ಹಣ ವ್ಯಯಿಸುವ ಮೊದಲೇ ಇದನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.

1. ಪರಿಶೀಲನೆ ಏಕೆ ಅಗತ್ಯ?

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ ನಿಯಮ 46ರಲ್ಲಿ ತೆರಿಗೆ ಬಿಲ್ಲಿನಲ್ಲಿ ಇರಬೇಕಾದ ವಿವರಗಳನ್ನು ತಿಳಿಸಲಾಗಿದೆ. ನಿಯಮ 48ರಂತೆ ಸರಕು ಮಾರಾಟದ ಬಿಲ್ಲನ್ನು ಮೂರು ಪ್ರತಿಗಳಲ್ಲಿ ಸಿದ್ಧಪಡಿಸತಕ್ಕದ್ದು. ಮೂಲ ಪ್ರತಿ ಖರೀದಿದಾರರಿಗೆ, ಎರಡನೆಯದು ಸಾಗಣೆದಾರರಿಗೆ, ಮೂರನೆಯದು ಮಾರಾಟಗಾರರಿಗೆ. ಸೇವೆಗಳ ಬಿಲ್ಲಿಗೆ ಎರಡು ಪ್ರತಿಗಳು ಸಾಕು.

ಮುದ್ರಣದಲ್ಲಿ ನೋಂದಣಿ ಸಂಖ್ಯೆಯ ಕೊನೆಯ ಅಕ್ಷರ ಕತ್ತರಿಸಿಹೋದರೆ ಅಥವಾ ತೆರಿಗೆ ಮೊತ್ತವು ಪಕ್ಕದ ಅಂಕಣಕ್ಕೆ ಸರಿದರೆ ಅಂಗಡಿಯಲ್ಲಿ ಅದು ಗಮನಕ್ಕೆ ಬಾರದೆ ಹೋಗಬಹುದು. ವಾಹನವನ್ನು ಮಾರ್ಗಮಧ್ಯೆ ತಪಾಸಣೆಗಾಗಿ ನಿಲ್ಲಿಸಿದಾಗ ಅಥವಾ ಖರೀದಿದಾರರು ಹೂಡುವಳಿ ತೆರಿಗೆ ಜಮೆ ಪಡೆಯಲು ಬಿಲ್ಲನ್ನು ತಾಳೆ ನೋಡಿದಾಗ ತೊಂದರೆ ಎದುರಾಗುತ್ತದೆ.

2. ಯಾವ ಕಾಗದಕ್ಕೆ ಯಾವ ಪ್ರಿಂಟರ್?

ಅ) ಕಾರ್ಬನ್ ಪ್ರತಿ ಬೇಕಿದ್ದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಅವಶ್ಯಕ. ಸೂಜಿಗಳು ರಿಬ್ಬನ್ನಿನ ಮೇಲೆ ಬಡಿದು ಮುದ್ರಿಸುವುದರಿಂದ ಕೆಳಗಿನ ಹಾಳೆಗಳಲ್ಲಿಯೂ ಅಚ್ಚು ಮೂಡುತ್ತದೆ. ಎಷ್ಟು ಪದರದವರೆಗೆ ಸ್ಪಷ್ಟವಾಗಿ ಮೂಡುವುದೆಂಬುದನ್ನು ಪ್ರಿಂಟರಿನ ಕೈಪಿಡಿಯಲ್ಲಿ ನೋಡಿಕೊಳ್ಳುವುದು.

ಆ) ಲೇಸರ್ ಮತ್ತು ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಕಾರ್ಬನ್ ಪ್ರತಿ ಬರುವುದಿಲ್ಲ. ಆದುದರಿಂದ ತಂತ್ರಾಂಶದಲ್ಲಿ ಮೂರು ಪ್ರತಿ ಮುದ್ರಿಸುವ ಹಾಗೂ ಪ್ರತಿಯೊಂದರ ಮೇಲೆ ಅದು ಯಾರ ಪ್ರತಿ ಎಂದು ನಮೂದಿಸುವ ಸೌಲಭ್ಯ ಇರಬೇಕು.

ಇ) ಥರ್ಮಲ್ ಪ್ರಿಂಟರಿನ ಅಚ್ಚು ಬಿಸಿಲು ಮತ್ತು ಶಾಖಕ್ಕೆ ಮಾಸಿಹೋಗುತ್ತದೆ. ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ನಿಗದಿಯಾದ ಕೊನೆಯ ದಿನಾಂಕದಿಂದ 72 ತಿಂಗಳುಗಳವರೆಗೆ ಕಾಪಾಡಬೇಕಾಗಿರುವುದರಿಂದ ಕಡತದ ಪ್ರತಿಗೆ ಈ ಕಾಗದ ತಕ್ಕದ್ದಲ್ಲ.

3. ಸಂಪರ್ಕ ಮತ್ತು ಡ್ರೈವರ್

ಪ್ರಿಂಟರಿನ ಡ್ರೈವರ್ ತಮ್ಮ ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಗೆ ದೊರೆಯುವುದೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಮೊದಲು ನೋಡಿಕೊಳ್ಳತಕ್ಕದ್ದು. 32-ಬಿಟ್ ವ್ಯವಸ್ಥೆಗೆ ಮಾತ್ರ ಡ್ರೈವರ್ ಇರುವ ಹಳೆಯ ಪ್ರಿಂಟರನ್ನು 64-ಬಿಟ್ ವಿಂಡೋಸ್ ಇರುವ ಗಣಕಯಂತ್ರಕ್ಕೆ ಜೋಡಿಸಿದರೆ ಆ ಡ್ರೈವರ್ ಕೆಲಸ ಮಾಡುವುದಿಲ್ಲ.

ಡಾಸ್ ಕಾಲದ ಬಿಲ್ಲಿಂಗ್ ತಂತ್ರಾಂಶಗಳು ಮುದ್ರಣವನ್ನು ನೇರವಾಗಿ ಎಲ್‌ಪಿಟಿ 1 ಪೋರ್ಟಿಗೆ ಕಳುಹಿಸುತ್ತವೆ. ಯುಎಸ್‌ಬಿ ಪ್ರಿಂಟರನ್ನು ಅವು ತಾವಾಗಿಯೇ ಗುರುತಿಸಲಾರವು. ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹಂಚಿಕೊಂಡು ಎಲ್‌ಪಿಟಿ 1ಕ್ಕೆ ಜೋಡಿಸುವ ವಿಧಾನವಿದ್ದು, ಇದನ್ನು ತಂತ್ರಾಂಶ ಪೂರೈಸಿದವರಿಂದ ಮಾಡಿಸಿಕೊಳ್ಳಬಹುದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಸಾಮಾನ್ಯವಾಗಿ ಎಪ್ಸನ್ ಅಥವಾ ಐಬಿಎಂ ಸಂಕೇತಗಳನ್ನು ಅನುಸರಿಸುತ್ತವೆ. ತಂತ್ರಾಂಶದಲ್ಲಿ ಒಂದನ್ನು, ಪ್ರಿಂಟರಿನಲ್ಲಿ ಇನ್ನೊಂದನ್ನು ಆಯ್ದಿದ್ದರೆ ಬಿಲ್ಲಿನ ನಡುವೆ ಅರ್ಥವಿಲ್ಲದ ಚಿಹ್ನೆಗಳು ಮುದ್ರಣವಾಗಬಹುದು.

4. ಕಾಗದದ ಅಳತೆ

ಹೆಚ್ಚಿನ ದೋಷಗಳು ಇಲ್ಲಿಯೇ ಉಂಟಾಗುತ್ತವೆ. ಎ4 ಹಾಳೆಯ ಉದ್ದ 297 ಮಿ.ಮೀ. ಲೆಟರ್ ಹಾಳೆಯ ಉದ್ದ 279 ಮಿ.ಮೀ. ಡ್ರೈವರಿನಲ್ಲಿ ಲೆಟರ್ ಎಂದಿದ್ದು ಬಿಲ್ಲು ಎ4 ಅಳತೆಯದಾಗಿದ್ದರೆ ಕೆಳಭಾಗದ ಸುಮಾರು 18 ಮಿ.ಮೀ. ಕತ್ತರಿಸಿಹೋಗುತ್ತದೆ ಅಥವಾ ಇಡೀ ಬಿಲ್ಲು ಕುಗ್ಗುತ್ತದೆ. ಒಟ್ಟು ಮೊತ್ತ ಹಾಗೂ ಸಹಿಯ ಸ್ಥಳ ಸಾಮಾನ್ಯವಾಗಿ ಕೆಳಭಾಗದಲ್ಲಿಯೇ ಇರುತ್ತವೆ ಎಂಬುದನ್ನು ಗಮನಿಸುವುದು.

ಎರಡೂ ಅಂಚುಗಳಲ್ಲಿ ರಂಧ್ರಗಳಿರುವ ಕಂಪ್ಯೂಟರ್ ಕಾಗದದ ಉದ್ದ 12 ಇಂಚು ಇದ್ದಲ್ಲಿ, ಇಂಚಿಗೆ 6 ಸಾಲಿನಂತೆ ಹಾಳೆಗೆ 72 ಸಾಲುಗಳಾಗುತ್ತವೆ. ತಂತ್ರಾಂಶದಲ್ಲಿ 66 ಸಾಲು, ಅಂದರೆ 11 ಇಂಚು, ಎಂದು ನಮೂದಾಗಿದ್ದರೆ ಪ್ರತಿ ಬಿಲ್ಲು 1 ಇಂಚು ಮೇಲಕ್ಕೆ ಸರಿಯುತ್ತಾ ಹೋಗುತ್ತದೆ. ಮೊದಲನೆಯ ಬಿಲ್ಲು ಸರಿಯಾಗಿ ಬಂದು ಎರಡನೆಯದರಿಂದ ಕೆಡುತ್ತಿದ್ದರೆ ಇದೇ ಕಾರಣವೆಂದು ತಿಳಿಯಬಹುದು. ದೋಷವಿರುವುದು ಅಳತೆಯ ನಮೂದಿನಲ್ಲಿ. ಪ್ರಿಂಟರ್ ಬದಲಾಯಿಸುವ ಅಗತ್ಯವಿಲ್ಲ.

5. ಮೊದಲೇ ಅಚ್ಚು ಮಾಡಿಸಿದ ನಮೂನೆಗಳು

2017ರ ಜುಲೈ 1ಕ್ಕೆ ಮುಂಚಿನ ಮೌಲ್ಯವರ್ಧಿತ ತೆರಿಗೆ ಕಾಲದಲ್ಲಿ ನೋಂದಣಿ ಸಂಖ್ಯೆ 11 ಅಂಕಿಗಳದ್ದಾಗಿತ್ತು. ಈಗಿನ ಸಂಖ್ಯೆಯಲ್ಲಿ 15 ಅಂಕಿ-ಅಕ್ಷರಗಳಿದ್ದು, ಕರ್ನಾಟಕದ ನೋಂದಣಿ ಸಂಖ್ಯೆಗಳು 29 ರಿಂದ ಆರಂಭವಾಗುತ್ತವೆ. ಹಳೆಯ ವಿನ್ಯಾಸವನ್ನೇ ಅನುಸರಿಸಿ ಹಾಳೆ ಅಚ್ಚು ಮಾಡಿಸುವವರು ಈ ಸಂಖ್ಯೆಗೆ ಹಾಗೂ ಕೇಂದ್ರ, ರಾಜ್ಯ ಮತ್ತು ಏಕೀಕೃತ ತೆರಿಗೆಯ ಅಂಕಣಗಳಿಗೆ ಸಾಕಷ್ಟು ಸ್ಥಳ ಬಿಡತಕ್ಕದ್ದು. ಬಿಲ್ಲಿನ ಕ್ರಮಸಂಖ್ಯೆಯು 16 ಅಕ್ಷರಗಳನ್ನು ಮೀರುವಂತಿಲ್ಲ, ಅಷ್ಟಕ್ಕೂ ಸ್ಥಳವಿರಲಿ.

6. ಕನ್ನಡದಲ್ಲಿ ಮುದ್ರಣ

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಅಕ್ಷರ ವಿಧಾನದಲ್ಲಿ ಪ್ರಿಂಟರಿನೊಳಗೆ ಅಡಕವಾಗಿರುವ ಅಕ್ಷರಗಳು ಮಾತ್ರ ಮೂಡುತ್ತವೆ. ಕನ್ನಡ ಅಡಕವಾಗಿಲ್ಲದಿದ್ದಲ್ಲಿ ವಿಂಡೋಸ್ ಡ್ರೈವರ್ ಮೂಲಕ ಚಿತ್ರ ವಿಧಾನದಲ್ಲಿ ಮುದ್ರಿಸಬೇಕು. ಇದರಿಂದ ವೇಗ ಕಡಿಮೆಯಾಗುವುದು. ಒತ್ತಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾದರೆ ತಂತ್ರಾಂಶವು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿಲ್ಲವೆಂದು ಅರ್ಥ. ಪ್ರಿಂಟರ್ ಬದಲಾಯಿಸಿದರೂ ಈ ದೋಷ ಹೋಗದು.

7. ಕ್ಯೂಆರ್ ಕೋಡ್

2017-18ರಿಂದೀಚೆಗಿನ ಯಾವುದೇ ಹಿಂದಿನ ಹಣಕಾಸು ವರ್ಷದಲ್ಲಿ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿರುವ ವರ್ತಕರು, ವಿನಾಯಿತಿ ಪಡೆದ ವರ್ಗಗಳನ್ನು ಹೊರತುಪಡಿಸಿ, ನೋಂದಾಯಿತ ಖರೀದಿದಾರರಿಗೆ ಇ-ಇನ್‌ವಾಯ್ಸ್ ನೀಡುವುದು 2023ರ ಆಗಸ್ಟ್ 1 ರಿಂದ ಕಡ್ಡಾಯವಾಗಿದೆ. ಇದರ ಕ್ಯೂಆರ್ ಕೋಡ್‌ನಲ್ಲಿ ಚುಕ್ಕೆಗಳು ಬಹಳ ಒತ್ತಾಗಿರುತ್ತವೆ. 9 ಸೂಜಿಯ ಪ್ರಿಂಟರಿನಲ್ಲಿ ಅಥವಾ ಸವೆದ ರಿಬ್ಬನ್ನಿನಲ್ಲಿ ಅವು ಒಂದರೊಳಗೊಂದು ಬೆರೆತು ಓದಲಾಗದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಕೋಡನ್ನು ದೊಡ್ಡದಾಗಿ ಮುದ್ರಿಸುವುದು ಅಥವಾ ಲೇಸರ್ ಪ್ರಿಂಟರ್ ಬಳಸುವುದು ಒಳಿತು. ತಪಾಸಣೆಯ ವೇಳೆ ಕಾಗದದ ಇ-ಇನ್‌ವಾಯ್ಸ್ ಬದಲಿಗೆ ಸದರಿ ಕ್ಯೂಆರ್ ಕೋಡನ್ನು ಮೊಬೈಲ್ ಫೋನಿನಲ್ಲಿ ತೋರಿಸಲು ನಿಯಮ 138ಎ ಅವಕಾಶ ನೀಡುತ್ತದೆ. ಚಾಲಕರ ಬಳಿ ಅದರ ಪ್ರತಿಯೊಂದು ಇರುವಂತೆ ನೋಡಿಕೊಳ್ಳುವುದು.

8. ಪರೀಕ್ಷಾ ಮುದ್ರಣದ ಕ್ರಮ

• ಮೊದಲು ಪ್ರಿಂಟರಿನ ಸ್ವಯಂ ಪರೀಕ್ಷಾ ಹಾಳೆ, ನಂತರ ವಿಂಡೋಸ್ ಪರೀಕ್ಷಾ ಹಾಳೆ, ಕೊನೆಗೆ ತಂತ್ರಾಂಶದಿಂದ ಮಾದರಿ ಬಿಲ್ಲು ಮುದ್ರಿಸುವುದು. ಯಾವ ಹಂತದಲ್ಲಿ ಕೆಡುವುದೋ ದೋಷವನ್ನು ಅಲ್ಲಿ ಹುಡುಕುವುದು.
• ಮಾದರಿ ಬಿಲ್ಲನ್ನು ಖಾಲಿ ಹಾಳೆಯಲ್ಲಿ ಮುದ್ರಿಸಿ, ಅಚ್ಚಾದ ನಮೂನೆಯ ಮೇಲಿಟ್ಟು ಬೆಳಕಿಗೆ ಹಿಡಿದು ಅಂಕಣಗಳನ್ನು ತಾಳೆ ನೋಡುವುದು.
• ಅತಿ ಉದ್ದದ ಹೆಸರು, ಅತಿ ದೊಡ್ಡ ಮೊತ್ತ ಹಾಗೂ ಎರಡನೇ ಪುಟಕ್ಕೆ ಹೋಗುವಷ್ಟು ಸರಕುಗಳಿರುವ ಬಿಲ್ಲನ್ನೇ ಪರೀಕ್ಷೆಗೆ ಬಳಸುವುದು.
• ಕೊನೆಯ ಕಾರ್ಬನ್ ಪ್ರತಿಯನ್ನು ಓದಿ ನೋಡುವುದು. ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡುವುದು.

9. ಮುದ್ರಣ ಮಧ್ಯದಲ್ಲಿ ನಿಂತಲ್ಲಿ

ಕಾಗದ ಸಿಕ್ಕಿಕೊಂಡು ಬಿಲ್ಲು ಹಾಳಾದರೆ ಅದೇ ಸಂಖ್ಯೆಯ ಬಿಲ್ಲನ್ನು ಪುನಃ ಮುದ್ರಿಸತಕ್ಕದ್ದು. ಹೊಸ ಸಂಖ್ಯೆಯಲ್ಲಿ ಮತ್ತೊಂದು ಬಿಲ್ಲು ಸೃಷ್ಟಿಸಬಾರದು. ಹಾಗೆ ಮಾಡಿದಲ್ಲಿ ಒಂದೇ ಮಾರಾಟ ಎರಡು ಬಾರಿ ರಿಟರ್ನ್‌ನಲ್ಲಿ ಸೇರಿ, ಇಲ್ಲದ ಮಾರಾಟಕ್ಕೆ ತೆರಿಗೆ ತೋರಿಸಿದಂತಾಗುತ್ತದೆ. ತಪ್ಪಾಗಿ ಸೃಷ್ಟಿಸಿದ ಇ-ಇನ್‌ವಾಯ್ಸನ್ನು ಪೋರ್ಟಲ್‌ನಲ್ಲಿ 24 ಗಂಟೆಗಳೊಳಗೆ ಮಾತ್ರ ರದ್ದುಪಡಿಸಬಹುದು. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸಲಾಗದು.

ಸೂಚನೆ: ಈ ಮಾಹಿತಿಯನ್ನು ವರ್ತಕರ ಮಾರ್ಗದರ್ಶನಕ್ಕಾಗಿ ಮಾತ್ರ ನೀಡಲಾಗಿದೆ. ಇಲಾಖೆಯು ಯಾವುದೇ ನಿರ್ದಿಷ್ಟ ಕಂಪನಿಯ ಪ್ರಿಂಟರ್ ಅಥವಾ ತಂತ್ರಾಂಶವನ್ನು ಶಿಫಾರಸು ಮಾಡುವುದಿಲ್ಲ. ಕಾಯ್ದೆ ಮತ್ತು ನಿಯಮಗಳ ಉಪಬಂಧಗಳೇ ಅಂತಿಮವಾಗಿರುತ್ತವೆ.