ಸಮಾರ್ಜ, ಜೆಫ್ (1985– )

ಅಮೆರಿಕದ ಕ್ರೀಡಾಪಟು. ನೋಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ರಿಸೀವರ್ ಆಗಿ ದಾಖಲೆಗಳನ್ನು ಸ್ಥಾಪಿಸಿ, ಅನಂತರ ಆ ಆಟವನ್ನು ಬಿಟ್ಟು ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್ (ಚೆಂಡೆಸೆಯುವವ) ಆದವರು. 1985ರ ಜನವರಿ 23ರಂದು ಇಂಡಿಯಾನ ರಾಜ್ಯದಲ್ಲಿ ಹುಟ್ಟಿದರು. ವಾಲ್ಪರೈಸೊ ಪ್ರೌಢಶಾಲೆಯಲ್ಲಿದ್ದಾಗಲೇ ಎರಡೂ ಆಟಗಳಲ್ಲಿ ಹೆಸರು ಮಾಡಿದ್ದರು. ಎತ್ತರ 6 ಅಡಿ 5 ಅಂಗುಲ. 'ಶಾರ್ಕ್' ಎಂಬುದು ಅವರ ಅಡ್ಡಹೆಸರು.

ಕಾಲೇಜು ಫುಟ್‌ಬಾಲ್

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎದುರಾಳಿಗಳ ಕಾವಲು ತಪ್ಪಿಸಿ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು ರಿಸೀವರ್. 2003 ಮತ್ತು 2004ರ ಎರಡು ಋತುಗಳಲ್ಲಿ ಸಮಾರ್ಜ ಹಿಡಿದದ್ದು ಒಟ್ಟು 24 ಚೆಂಡು. ಚೆಂಡನ್ನು ಎದುರಾಳಿಗಳ ಕೊನೆಗೆರೆ ದಾಟಿಸಿ ಗಳಿಸುವ ಟಚ್‌ಡೌನ್ ಒಂದೂ ಬರಲಿಲ್ಲ. 2005ರಲ್ಲಿ ಚಾರ್ಲಿ ವೈಸ್ ತರಬೇತುದಾರರಾಗಿ ಬಂದ ಮೇಲೆ ತಂಡದ ಆಟ ಪಾಸ್‌ಗಳತ್ತ ವಾಲಿತು. ಕ್ವಾರ್ಟರ್‌ಬ್ಯಾಕ್ ಬ್ರೇಡಿ ಕ್ವಿನ್ ಜೊತೆ ಹೊಂದಾಣಿಕೆ ಕುದುರಿ, ಆ ಋತುವಿನಲ್ಲಿ ಸಮಾರ್ಜ 77 ಚೆಂಡು ಹಿಡಿದು 1,249 ಗಜ ಮತ್ತು 15 ಟಚ್‌ಡೌನ್ ಗಳಿಸಿದರು. 1970ರಲ್ಲಿ ಟಾಮ್ ಗೇಟ್‌ವುಡ್ ಗಳಿಸಿದ್ದ 1,123 ಗಜಗಳ ವಿಶ್ವವಿದ್ಯಾಲಯ ದಾಖಲೆ ಮುರಿಯಿತು. ಅದೇ ವರ್ಷ ಗೇಟ್‌ವುಡ್ ಹಿಡಿದಿದ್ದ 77 ಚೆಂಡುಗಳ ದಾಖಲೆಗೆ ಸರಿಸಾಟಿಯಾಯಿತು. ಆ ವರ್ಷ ಅವರು ಆಲ್-ಅಮೆರಿಕನ್ ತಂಡಕ್ಕೆ ಆಯ್ಕೆಯಾದರು.

2006ರಲ್ಲಿ 78 ಚೆಂಡು, 1,017 ಗಜ, 12 ಟಚ್‌ಡೌನ್. ಯುಸಿಎಲ್‌ಎ ವಿರುದ್ಧದ ಪಂದ್ಯ ಮುಗಿಯಲು 27 ಸೆಕೆಂಡು ಉಳಿದಿದ್ದಾಗ ಅವರು ಗಳಿಸಿದ 45 ಗಜದ ಟಚ್‌ಡೌನ್ ತಂಡವನ್ನು 20–17ರಿಂದ ಗೆಲ್ಲಿಸಿತು. ಕಾಲೇಜು ಮುಗಿಸುವಾಗ ಅವರ ಒಟ್ಟು ಗಳಿಕೆ 179 ಚೆಂಡು, 2,593 ಗಜ ಮತ್ತು 27 ಟಚ್‌ಡೌನ್. ಮೂರೂ ಆಗ ನೋಟರ್ ಡೇಮ್ ದಾಖಲೆಗಳು.

ಎರಡು ಆಟಗಳ ನಡುವೆ

ಈ ವರ್ಷಗಳಲ್ಲೇ ಅವರು ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದ ಪಿಚರ್ ಕೂಡ ಆಗಿದ್ದರು. 2006ರಲ್ಲಿ ಶಿಕಾಗೊ ಕಬ್ಸ್ ತಂಡ ಅವರನ್ನು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಆಯ್ದುಕೊಂಡಿತು. ಒಂದು ಆಟದಲ್ಲಿ ವೃತ್ತಿಪರನಾದವನು ಮತ್ತೊಂದರಲ್ಲಿ ಕಾಲೇಜಿನ ಪರ ಆಡಲು ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ನಿಯಮ ಅಡ್ಡಿಯಾಗದ್ದರಿಂದ, ಬೇಸಿಗೆಯಲ್ಲಿ ಕಬ್ಸ್‌ನ ಕಿರಿಯ ತಂಡಗಳಿಗೆ ಪಿಚ್ ಮಾಡಿ ಶರತ್ಕಾಲದಲ್ಲಿ ಫುಟ್‌ಬಾಲ್‌ಗೆ ಮರಳಿದರು. ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾಗುವ ನಿರೀಕ್ಷೆಯಿತ್ತು. ಆದರೆ 2007ರ ಜನವರಿಯಲ್ಲಿ ಕಬ್ಸ್ ಜೊತೆ ಐದು ವರ್ಷಕ್ಕೆ ಒಂದು ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ಎರಡು ಆಟಗಳನ್ನು ಹೋಲಿಸಿದರೆ, ಬೇಸ್‌ಬಾಲ್ ಒಪ್ಪಂದದ ಹಣ ಖಾತರಿಯದು, ಪಿಚರ್‌ನ ವೃತ್ತಿಜೀವನವೂ ಸಾಮಾನ್ಯವಾಗಿ ದೀರ್ಘ. ಎನ್‌ಎಫ್‌ಎಲ್‌ನಲ್ಲಿ ಗಾಯದ ಭಯ ಹೆಚ್ಚು, ಒಪ್ಪಂದದ ಬಹುಪಾಲು ಹಣಕ್ಕೆ ಖಾತರಿ ಕಡಿಮೆ.

ಬೇಸ್‌ಬಾಲ್

2008ರ ಜುಲೈ 25ರಂದು ಮೇಜರ್ ಲೀಗ್‌ಗೆ ಕಾಲಿಟ್ಟರು. ಮೊದಲ ವರ್ಷಗಳು ಏರುಪೇರಿನವು. 2012ರಿಂದ ಪಂದ್ಯ ಆರಂಭಿಸುವ ಪಿಚರ್ ಆಗಿ ನೆಲೆಯೂರಿದರು. 2014ರಲ್ಲಿ ಆಲ್-ಸ್ಟಾರ್ ಗೌರವ ಬಂತು. ಅದೇ ವರ್ಷದ ಜುಲೈನಲ್ಲಿ ಕಬ್ಸ್ ಅವರನ್ನು ಓಕ್ಲಂಡ್ ತಂಡಕ್ಕೆ ಬಿಟ್ಟುಕೊಟ್ಟಿತು; ಬದಲಿಗೆ ಬಂದ ಆಟಗಾರರಲ್ಲಿ ಅಡಿಸನ್ ರಸೆಲ್ 2016ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಕಬ್ಸ್ ತಂಡದಲ್ಲಿದ್ದರು. ಸಮಾರ್ಜ 2015ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಪರ ಆಡಿದರು. ಆ ವರ್ಷದ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಜೊತೆ ಐದು ವರ್ಷಕ್ಕೆ ಒಂಬತ್ತು ಕೋಟಿ ಡಾಲರ್‌ಗಳ ಒಪ್ಪಂದವಾಯಿತು. 2017ರಲ್ಲಿ ನ್ಯಾಷನಲ್ ಲೀಗ್‌ನಲ್ಲೇ ಅತಿ ಹೆಚ್ಚು ಇನಿಂಗ್ಸ್ ಎಸೆದವರು ಅವರೇ. 2020ರಲ್ಲಿ ಜೈಂಟ್ಸ್ ತಂಡದಿಂದ ಹೊರಬಂದರು. ಒಟ್ಟು 80 ಗೆಲುವು, 106 ಸೋಲು.

ಸ್ಥಾನ

ಪಿಚರ್ ಆಗಿ ಅವರು ಅಗ್ರಪಂಕ್ತಿಯವರಲ್ಲ. ದಣಿವರಿಯದೆ ಬಹಳಷ್ಟು ಇನಿಂಗ್ಸ್ ಎಸೆಯುವ ಕಸುವು ಅವರ ಮುಖ್ಯ ಬಲ. ಫುಟ್‌ಬಾಲ್‌ನಲ್ಲಿ ಅವರ ಋತುವಿನ ಚೆಂಡು ಮತ್ತು ಗಜಗಳ ದಾಖಲೆಗಳನ್ನು 2009ರಲ್ಲಿ ಗೋಲ್ಡನ್ ಟೇಟ್ ಮುರಿದರು. ಒಟ್ಟು ಗಳಿಕೆಯ ಮೂರೂ ದಾಖಲೆಗಳು 2011ರಲ್ಲಿ ಕಾಲೇಜು ಆಟ ಮುಗಿಸಿದ ಮೈಕಲ್ ಫ್ಲಾಯ್ಡ್ ಪಾಲಾದವು.